ರುವಾಂಡಾದ ನ್ಯುಂಗ್ವೆ ಕಾಡು ನಮ್ಮ ಘಟ್ಟದಂತೆಯೇ?

ಪ್ರಶ್ನೆ, ಸಕಲೇಶಪುರದಿಂದ:
ನಮ್ಮ ಬಿಸಿಲೆಯ ದಿಬ್ಬದಲ್ಲಿ ಮಳೆನೀರು ಅರಬ್ಬೀ ಸಮುದ್ರಕ್ಕೂ ಬಂಗಾಳ ಕೊಲ್ಲಿಗೂ ಇಬ್ಭಾಗವಾಗುವಂತೆ, ನ್ಯುಂಗ್ವೆಯ ನೀರು ನೈಲ್ ಮತ್ತು ಕಾಂಗೋ ನದಿಗಳಿಗೆ ಹಂಚಿಹೋಗುತ್ತದೆ ಎಂದು ಓದಿದೆ. ಅಲ್ಲಿನ ಕಾಡು ಎಲ್ಲೆಡೆ ಒಂದೇ ತೆರನಾದುದೇ?

ಉತ್ತರ, ಮೂಡಿಗೆರೆಯಿಂದ:
ಖಂಡಿತ ಅಲ್ಲ, ಸರ್. ಸುಮಾರು 1,600ರಿಂದ 2,950 ಮೀಟರ್‌ವರೆಗೆ ಏರುವ ಆ ಬೆಟ್ಟಸಾಲಿನಲ್ಲಿ ದಟ್ಟ ಮಳೆಕಾಡು, ಬಿದಿರುಮೆಳೆ, ಕಮಿರಂಜೋವು ಎಂಬ ವಿಶಾಲ ಜೌಗುಪ್ರದೇಶ ಎಲ್ಲವೂ ಇದ್ದು, ಚಿಂಪಾಂಜಿಯೂ ಸೇರಿದಂತೆ 13 ಜಾತಿಯ ವಾನರಗಳು ನೆಲೆಸಿವೆ. ಕಪ್ಪುಬಿಳುಪಿನ ಕೊಲೊಬಸ್ ಕೋತಿಗಳಂತೂ ನೂರಾರರ ಹಿಂಡಿನಲ್ಲಿ ಮರದ ತುದಿಗಳಲ್ಲಿ ಸಾಗುತ್ತ, ಎಲೆಯ ಜೊತೆಗೆ ಕಲ್ಲುಹೂವನ್ನೂ (ನಾವು ಮಸಾಲೆಗೆ ಹಾಕುವುದರ ಬಳಗದ್ದೇ) ಕಿತ್ತು ತಿನ್ನುತ್ತವೆ.

ಉತ್ತರ, ಚಿಕ್ಕಮಗಳೂರಿನಿಂದ:
ಒಂದು ಮಾತು ಸೇರಿಸುತ್ತೇನೆ. 2023ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಈ ಕಾಡಿನ ಕೊನೆಯ ಆನೆ 1999ರಲ್ಲೇ ಕಳ್ಳಬೇಟೆಗೆ ಬಲಿಯಾಯಿತು.