ಉಣ್ಣೆಯ ‘ಇಳುವರಿ’ ಅಂದರೆ ಯಾವ ತೂಕ?

ಗೆಳೆಯರೇ,

ನಮ್ಮದು ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕು. ಉಣ್ಣೆ ತೂಗಿ ನೋಡಿ ಬೀಜದ ಟಗರು ಆರಿಸೋದು ಹೇಗೆ ಅಂತ ಇಲ್ಲಿನ ಕುರಿಗಾರರಿಗಾಗಿ ಕನ್ನಡದಲ್ಲಿ ನಾಲ್ಕು ಪುಟ ಬರೆಯುತ್ತಿದ್ದೇನೆ. ಒಂದೇ ಒಂದು ಪದ ಕಾಡುತ್ತಿದೆ: ‘ಇಳುವರಿ’.

ಹೋದ ಸಲ ಕತ್ತರಿಸಿದಾಗ ಮನೆಯ ಮೂರು ದಕ್ಕನಿ ತಳಿಯ ಟಗರುಗಳ ಉಣ್ಣೆಯನ್ನು ಬೇರೆ ಬೇರೆ ಚೀಲಕ್ಕೆ ತುಂಬಿ ತೂಗಿದೆ. 480 ಗ್ರಾಂ, 430, 300. ಆಮೇಲೆ ತೊಳೆದು, ಮುಳ್ಳು ಆರಿಸಿ, ಒಣಗಿಸಿ ಮತ್ತೆ ತೂಗಿದರೆ 300, 320, 240. ಮೊದಲನೆಯದು ಅರ್ಧ ಹೊಲವನ್ನೇ ಮೈಮೇಲೆ ಹೊತ್ತು ತಿರುಗುತ್ತಿತ್ತು ಅನ್ನಿ.

ಈಗ ಯಾವುದರ ಇಳುವರಿ ಜಾಸ್ತಿ? ಕತ್ತರಿಸಿದ ತೂಕ ಹಿಡಿದರೆ ಮೊದಲನೆಯದು. ತೊಳೆದ ತೂಕ ಹಿಡಿದರೆ ಎರಡನೆಯದು. ತೊಳೆದ ಮೇಲೆ ನೂರಕ್ಕೆ ಎಷ್ಟು ಉಳಿಯಿತು ಅಂತ ನೋಡಿದರೆ ಮೂರನೆಯದು, ನೂರಕ್ಕೆ 80. ಉಣ್ಣೆ ವ್ಯಾಪಾರದಲ್ಲಿ ‘ಯೀಲ್ಡ್’ ಅನ್ನೋದು ಈ ಕೊನೆಯ ಲೆಕ್ಕಕ್ಕೆ. ಅದನ್ನು ನಾನು ಸುಮ್ನೆ ‘ಇಳುವರಿ’ ಅಂತ ಬರೆದರೆ, ಓದಿದವರು ಎಲ್ಲಕ್ಕಿಂತ ಕಡಿಮೆ ಉಣ್ಣೆಯ ಟಗರನ್ನೇ ಬೀಜಕ್ಕೆ ಬಿಟ್ಟಾರು! ಬೀಜಕ್ಕೆ ನಾನು ಆರಿಸೋದು ಎರಡನೆಯದನ್ನು. ಹೆಚ್ಚು ಉಣ್ಣೆ ಕೊಡುವ ಗುಣ ತಕ್ಕಮಟ್ಟಿಗೆ ಮರಿಗಳಿಗೂ ಬರುತ್ತದೆ, ಮೈಮೇಲಿನ ಮಣ್ಣು ಬರೋದಿಲ್ಲ ಅಲ್ವಾ.

ಮರಾಠಿಯಲ್ಲಿ ಕಬ್ಬಿನ ಮಾತಿಗೆ ಈ ಗೊಂದಲ ಇಲ್ಲ. ನಮ್ಮ ಜಿಲ್ಲೆ ಸಕ್ಕರೆ ಕಾರ್ಖಾನೆಗಳ ಜಿಲ್ಲೆ. ಬೆಳೆದ ಕಬ್ಬಿಗೆ ‘ಉತ್ಪಾದನ್’, ಅದರಿಂದ ನೂರಕ್ಕೆ ಇಷ್ಟು ಅಂತ ಸಿಗುವ ಸಕ್ಕರೆಗೆ ‘ಉತಾರಾ’. ಕನ್ನಡ ಪತ್ರಿಕೆ ತೆಗೆದರೆ ಎರಡಕ್ಕೂ ಇಳುವರಿಯೇ. ಮರಾಠಿಯ ‘ಉತರಣೆ’ ಅಂದರೆ ಇಳಿಯೋದು, ಹಾಗಾಗಿ ಉತಾರಾದಲ್ಲೂ ಇಳಿಯೋದಿದೆ, ಇಳುವರಿಯಲ್ಲೂ ಇಳಿಯೋದು ಕೇಳಿಸುತ್ತದೆ. ಹಾಗಂತ ‘ಉಣ್ಣೆಯ ಉತಾರ’ ಅಂತ ಬರೆಯೋಣ ಅಂದರೆ, ಇಲ್ಲಿ ಉತಾರ ಅಂದರೆ ಜಮೀನಿನ ಕಾಗದ. ಜನ ಜಮೀನಿನ ಲೆಕ್ಕ ಇಡುವ ತಲಾಠಿಯ ಬಾಗಿಲಿಗೆ ಹೋದಾರು.

ನಮ್ಮ ಸೋದರಮಾವನಿಗೆ ತಕ್ಕಡಿಯೇ ಬೇಡ. ಟಗರಿನ ಪಕ್ಕೆಯ ನಡುಭಾಗದಲ್ಲಿ ಉಣ್ಣೆಯನ್ನು ಎರಡೂ ಹೆಬ್ಬೆರಳಿಂದ ಬಿಡಿಸುತ್ತಾರೆ. ಚರ್ಮ ಎಷ್ಟು ಅಗಲ ಕಾಣುತ್ತದೆ ನೋಡುತ್ತಾರೆ. ಒಂದು ಎಳೆಯನ್ನು ಬೆರಳಿನ ಗೆಣ್ಣಿಗೆ ಹಿಡಿದು ಉದ್ದ ಅಳೆಯುತ್ತಾರೆ. ಬೆನ್ನಿನ ಉಣ್ಣೆ ಬಿಸಿಲು ಮಳೆಗೆ ಕೆಟ್ಟಿರುತ್ತದೆ, ಅದನ್ನು ನಂಬೋದಿಲ್ಲ. ಕೊನೆಗೆ ‘ಭರ್ತಿ ಐತಿ’ ಅಂದರೆ ಮುಗೀತು. ದಟ್ಟ, ಉದ್ದ ಎರಡೂ ಅದರಲ್ಲೇ ಬಂತು. ಈ ‘ಭರ್ತಿ’ಯನ್ನು ಹಾಗೇ ಇಟ್ಟುಕೊಂಡಿದ್ದೇನೆ.

ಇನ್ನೊಂದು ತಮಾಷೆ. ಮನೆ ನಮ್ಮ ಬಾಯಲ್ಲಿ ಮನಿ ಆದಂತೆ ಉಣ್ಣೆ ಉಣ್ಣಿ ಆಗುತ್ತದೆ. ನಿಘಂಟಿನಲ್ಲಿ ಉಣ್ಣಿ ರಕ್ತ ಹೀರುವ ಹುಳ. ‘ಈ ಟಗರಿಗೆ ಉಣ್ಣಿ ಭಾಳ’ ಅಂದರೆ ಬೆಂಗಳೂರಿನವರು ಔಷಧಿ ಬರೆದುಕೊಟ್ಟಾರು.

ಸದ್ಯಕ್ಕೆ ‘ಕತ್ತರಿ ತೂಕ’, ‘ತೊಳೆದ ತೂಕ’ ಅಂತ ಬರೆದಿದ್ದೇನೆ. ನೂರರ ಲೆಕ್ಕಕ್ಕೆ ‘ಉಳಿಕೆ’ ಸಾಕೇ? ಅಥವಾ ಕಂಬಳಿ ನೇಯುವವರ ಬಾಯಲ್ಲಿ ಬೇರೆ ಪದ ಇದೆಯೇ? ಒಂದು ಕುರಿಯ ಇಡೀ ಉಣ್ಣೆಗೆ ‘ತುಪ್ಪಟ’ ಅನ್ನೋದು ಈಗಲೂ ಎಲ್ಲಾದರೂ ಬಳಕೆಯಲ್ಲಿದೆಯೇ? ಮರಿಯ ಮೊದಲ ಕತ್ತರಿಯ ಮೆತ್ತನೆಯ ಉಣ್ಣೆಗೆ ನಾವು ಮಕ್ಕಳ ಮೊದಲ ಕೂದಲಿನ ಹಾಗೆ ‘ಜಾವಳ’ ಅಂತೇವೆ. ಚಳ್ಳಕೆರೆ, ಶಿರಾ ಕಡೆಯವರು ಏನಂತೀರಿ?