85 ಕೋಟಿಯ ಗೋಲಿ: ಪುಟ್ಟನಿಗೆ ಮಾವನ ಉತ್ತರ

ಎಲ್ಲರಿಗೂ ನಮಸ್ಕಾರ. ಇದು ಉದ್ದ ಆಗುತ್ತೆ, ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಟೊರೊಂಟೊದಲ್ಲಿ ಮಗಳ ಭರತನಾಟ್ಯ ಕ್ಲಾಸ್ ಹೊರಗೆ ಕಾರಲ್ಲಿ ಕೂತಿದ್ದೇನೆ. ಅವಳು ಬರೋಕೆ ಇನ್ನೂ ಮುಕ್ಕಾಲು ಗಂಟೆ ಇದೆ. ಅಷ್ಟರಲ್ಲಿ ಪುಟ್ಟನ ಬಾಕಿ ತೀರಿಸಿಬಿಡೋಣ ಅಂತ.

ನಿನ್ನೆ ರಾತ್ರಿ ಪುಟ್ಟ ಎಡ್ಮಂಟನ್‌ನಿಂದ ಗ್ರೂಪಿಗೆ ಹಾಕಿದ್ದು ಇಷ್ಟು. ಫ್ಲೋರಿಡಾ ಪ್ಯಾಂಥರ್ಸ್ ಅನ್ನೋ ಐಸ್ ಹಾಕಿ ತಂಡ ಕಪ್ ಗೆದ್ದಿದ್ದು ಇಡೀ ತಂಡದ ಬಲದಿಂದ, ಅವರ ಗೋಲಿ ಬೊಬ್ರೊವ್‌ಸ್ಕಿಯಿಂದ ಅಲ್ಲ. ಅವನಿಗೆ ವರ್ಷಕ್ಕೆ 10 ಮಿಲಿಯನ್ ಡಾಲರ್ ಕೊಡೋದು ದಂಡ. ಅವನ ಜಾಗದಲ್ಲಿ ಯಾವ ಗೋಲಿ ನಿಂತಿದ್ದರೂ ಗೆಲ್ಲುತ್ತಿದ್ದರು. ಅದಕ್ಕೆ ಭಾವ ರೂಪಾಯಿಗೆ ತಿರುಗಿಸಿ, ಹತ್ತಿರ ಹತ್ತಿರ 85 ಕೋಟಿ ಆಯ್ತಲ್ಲೋ ಅಂದರು. ಅತ್ತೆ ಪಾಪ, "ಗೋಲಿ ಆಡೋಕೆ 85 ಕೋಟಿನಾ?" ಅಂತ ಕೇಳಿದ್ದಾರೆ. ಅದಕ್ಕೆ ಹನ್ನೊಂದು ಜನ ನಗು ಒತ್ತಿದ್ದೀರಿ, ಉತ್ತರ ಮಾತ್ರ ಒಬ್ಬರೂ ಕೊಟ್ಟಿಲ್ಲ.

ಅತ್ತೆ, ಇಲ್ಲಿನವರು ಗೋಲ್ ಕಾಯುವವನನ್ನು ಗೋಲಿ ಅನ್ನುತ್ತಾರೆ. ಆಟ ಹಾಕಿಯೇ, ಆದರೆ ನಮ್ಮ ಮಡಿಕೇರಿ ಮೈದಾನದ ಹಾಕಿ ಅಲ್ಲ, ಮಂಜುಗಡ್ಡೆ ಮೇಲೆ ಆಡೋದು. ಚೆಂಡಿನ ಬದಲು ಕಪ್ಪು ರಬ್ಬರಿನ ಬಿಲ್ಲೆ, ಪಕ್ ಅಂತಾರೆ. ಮೂರು ಇಂಚು ಅಗಲ, ಒಂದು ಇಂಚು ದಪ್ಪ, ತೂಕ ಸುಮಾರು 170 ಗ್ರಾಂ. ಪುಟಿಯಬಾರದು ಅಂತ ಅದನ್ನು ಆಟಕ್ಕೆ ಮೊದಲು ಫ್ರೀಜರಿನಲ್ಲಿ ಇಡುತ್ತಾರೆ. ನಾನು ಕಾಯುತ್ತಿದ್ದ ಗೋಲು 12 ಅಡಿ ಅಗಲ, 7 ಅಡಿ ಎತ್ತರ. ಇವರದ್ದು 6 ಅಡಿ ಅಗಲ, 4 ಅಡಿ ಎತ್ತರ. ಚಿಕ್ಕದು, ಸುಲಭ ಅನ್ನಿಸುತ್ತೆ ಅಲ್ವಾ? ಒಂದು ಪಂದ್ಯಕ್ಕೆ ಒಬ್ಬ ಗೋಲಿಗೆ ಹೆಚ್ಚುಕಡಿಮೆ ಮೂವತ್ತು ಹೊಡೆತ ಬರುತ್ತೆ. ಅದರಲ್ಲಿ ಎರಡು ಬಿಟ್ಟರೆ ಶಭಾಷ್, ಮೂರು ಬಿಟ್ಟರೆ ಪರವಾಗಿಲ್ಲ, ನಾಲ್ಕು ಬಿಟ್ಟರೆ ಮಾರನೇ ದಿನ ಇಲ್ಲಿನ ರೇಡಿಯೋದವರು ಅವನ ಸಂಬಳದ ವಿಷಯ ಎತ್ತುತ್ತಾರೆ.

ಈಗ ದುಡ್ಡಿನ ಮಾತು. ಭಾವಾ, ನಿಮಗೆ ಐಪಿಎಲ್ ಲೆಕ್ಕದಲ್ಲೇ ಹೇಳುತ್ತೇನೆ. ಹರಾಜಿಗೆ ಒಂದೊಂದು ತಂಡಕ್ಕೂ 120 ಕೋಟಿ ಅಂತ ಮಿತಿ ಇತ್ತಲ್ಲ, ಇಲ್ಲಿನ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನಲ್ಲೂ ಹಾಗೇ ತಂಡದ ಸಂಬಳಕ್ಕೆ ಒಂದು ಮಿತಿ ಇದೆ. ಬೊಬ್ರೊವ್‌ಸ್ಕಿ 2019ರ ಜುಲೈ 1ಕ್ಕೆ ಸಹಿ ಹಾಕಿದಾಗ ಅದು ವರ್ಷಕ್ಕೆ 81.5 ಮಿಲಿಯನ್. ಅವನಿಗೆ 7 ವರ್ಷಕ್ಕೆ 70 ಮಿಲಿಯನ್, ಅಂದರೆ ರೂಪಾಯಿಗೆ ಎರಡಾಣೆ ಒಬ್ಬನೇ ತಿನ್ನುತ್ತಾನೆ. ಉಳಿದ ಹದಿನಾಲ್ಕಾಣೆಯಲ್ಲಿ ಇಪ್ಪತ್ತಕ್ಕೂ ಜಾಸ್ತಿ ಜನರನ್ನು ಸಾಕಬೇಕು. ಲಕ್ನೋದವರು 2025ರ ಸೀಸನ್ನಿಗೆ ಪಂತ್‌ಗೆ 27 ಕೋಟಿ ಕೊಟ್ಟರು, ಅದು ರೂಪಾಯಿಗೆ ಮೂರೂವರೆ ಆಣೆ ಮೇಲೆ. ಅವನು 14 ಪಂದ್ಯದಲ್ಲಿ 269 ರನ್ ಮಾಡಿದ. ಅದರಲ್ಲಿ 118 ನಮ್ಮ ಆರ್‌ಸಿಬಿ ಮೇಲೆ ಒಂದೇ ದಿನ, ಹೋಗಲಿ ಬಿಡಿ, ನಾವು ಗೆದ್ದೆವಲ್ಲ. ವ್ಯತ್ಯಾಸ ಏನು ಅಂದರೆ ಪಂತ್‌ನನ್ನು ಬೇಡ ಅನ್ನಿಸಿದರೆ ಸೀಸನ್ ಮುಗಿದ ಮೇಲೆ ಬಿಟ್ಟುಬಿಡಬಹುದು. ಬೊಬ್ರೊವ್‌ಸ್ಕಿಯನ್ನು ಹಾಗೆಲ್ಲ ಬಿಡೋಕೆ ಆಗುತ್ತಿರಲಿಲ್ಲ. ಅವನು ಒಪ್ಪದೆ ಬೇರೆ ಊರಿಗೆ ಕಳಿಸುವಂತಿಲ್ಲ ಅಂತ ಕರಾರಿನಲ್ಲೇ ಬರೆದಿತ್ತು. ಇದನ್ನು ನೆನಪಿಟ್ಟುಕೊಳ್ಳಿ, ನನ್ನ ವಾದವೆಲ್ಲ ಇದರ ಮೇಲೇ ನಿಂತಿರೋದು.

ಪುಟ್ಟ, ನಿನ್ನ ಅರ್ಧ ಮಾತು ನಿಜ. ಮೊದಲ ನಾಲ್ಕು ವರ್ಷ ಆ ಕರಾರು ದಂಡವೇ. ಬಂದ ವರ್ಷ ಅವನು ನೂರಕ್ಕೆ ತೊಂಬತ್ತು ಹೊಡೆತ ತಡೆದ, ಅಷ್ಟೇ. ಕೊಲಂಬಸ್‌ನಲ್ಲಿದ್ದಾಗ 2013ರಲ್ಲಿ, 2017ರಲ್ಲಿ ಎರಡು ಸಲ ವರ್ಷದ ಶ್ರೇಷ್ಠ ಗೋಲಿ ಅಂತ ವೆಜಿನಾ ಟ್ರೋಫಿ ತಗೊಂಡ ಮನುಷ್ಯ ಇವನೇನಾ ಅನ್ನಿಸುತ್ತಿತ್ತು. 2021–22ರಲ್ಲಿ ಸ್ವಲ್ಪ ಚಿಗುರಿದ, ನೂರಕ್ಕೆ 91.3. ಮರು ವರ್ಷ ಮತ್ತೆ 90.1. ಈ ಪುಡಿ ಲೆಕ್ಕ ನೋಡಿ ನಗಬೇಡಿ ಭಾವಾ. ಸೀಸನ್ನಿಗೆ ಸಾವಿರದ ಐನೂರು ಹೊಡೆತ ಬಂದರೆ ಆ ಒಂದು ಪಾಯಿಂಟಿನ ವ್ಯತ್ಯಾಸ ಅಂದರೆ 15 ಗೋಲು. ಆರು ಗೋಲ್ ತಡೆದರೆ ಒಂದು ಗೆಲುವು ಅಂತ ಇಲ್ಲಿನವರ ಅಂದಾಜು. ನೀವೇ ಭಾಗಿಸಿ.

2023ರ ಏಪ್ರಿಲ್‌ನಲ್ಲಂತೂ ಅವನನ್ನು ಬೆಂಚಿನ ಮೇಲೆ ಕೂರಿಸಿದ್ದರು. ಅಲೆಕ್ಸ್ ಲಯನ್ ಅಂತ ಒಬ್ಬ, ಸಂಬಳ ಒಂದು ಮಿಲಿಯನ್ನೂ ಇಲ್ಲ, ಅವನು ನಿಂತು ತಂಡವನ್ನು ಹೇಗೋ ಪ್ಲೇಆಫ್‌ಗೆ ದಾಟಿಸಿದ. ಆಗ ನಾನೂ ನಿನ್ನ ಹಾಗೇ ಆಫೀಸಲ್ಲಿ ಎಲ್ಲರ ಮುಂದೆ ಗೇಲಿ ಮಾಡಿದ್ದೆ. 10 ಮಿಲಿಯನ್ ಕೊಟ್ಟು ಬಾಟಲಿಗೆ ನೀರು ತುಂಬೋಕೆ ಇಟ್ಟುಕೊಂಡಿದ್ದಾರೆ ಅಂತ.

ಆಮೇಲೆ ಆದದ್ದು ಕೇಳಿ. ಎದುರಾಳಿ ಬಾಸ್ಟನ್, ಆ ವರ್ಷ 65 ಪಂದ್ಯ ಗೆದ್ದು ದಾಖಲೆ ಮಾಡಿದ್ದ ತಂಡ. ಲಯನ್ ಮೂರನೇ ಪಂದ್ಯದಲ್ಲಿ ಕೈಕೊಟ್ಟ, ಬೊಬ್ರೊವ್‌ಸ್ಕಿಯನ್ನು ಇಳಿಸಿದರು. ನಾಲ್ಕನೆಯದರಲ್ಲಿ ಅವನೇ ನಿಂತ, 6–2ರಲ್ಲಿ ಸೋತ. ಸರಣಿಯಲ್ಲಿ ಬಾಸ್ಟನ್ 3–1 ಮುಂದೆ, ಮೊದಲು ನಾಲ್ಕು ಗೆದ್ದವರು ಮುಂದಕ್ಕೆ. ಐದನೇ ಪಂದ್ಯ ಬಾಸ್ಟನ್‌ನಲ್ಲಿ, 3–3 ಸಮ, ಆಟ ಮುಗಿಯೋಕೆ ಇನ್ನೇನು ಕೆಲವೇ ಸೆಕೆಂಡು. ಬಾಸ್ಟನ್‌ನ ಬ್ರಾಡ್ ಮಾರ್ಚಾಂಡ್ ಒಬ್ಬನೇ ಪಕ್ ತಗೊಂಡು ನುಗ್ಗಿದ. ಅಡ್ಡ ಯಾರೂ ಇಲ್ಲ, ಗೋಲಿ ಒಬ್ಬನೇ. ಅದು ಒಳಗೆ ಹೋಗಿದ್ದರೆ ಸರಣಿ ಅಲ್ಲಿಗೇ ಮುಗಿದು, ನಾಲ್ಕು ವರ್ಷದ 40 ಮಿಲಿಯನ್ ನೀರಿನಲ್ಲಿ ಹೋಮ ಅಂತ ಎಲ್ಲರೂ ಬರೆದುಬಿಡುತ್ತಿದ್ದರು. ಬೊಬ್ರೊವ್‌ಸ್ಕಿ ತಡೆದ. ಓವರ್‌ಟೈಮಿನಲ್ಲಿ, ಅಂದರೆ ಸಮ ಆದಾಗ ಆಡಿಸೋ ಹೆಚ್ಚುವರಿ ಆಟದಲ್ಲಿ, ಪ್ಯಾಂಥರ್ಸ್‌ನ ಟ್ಕಾಚಕ್ ಗೋಲ್ ಹೊಡೆದ. ಪ್ಯಾಂಥರ್ಸ್ ಏಳನೇ ಪಂದ್ಯಕ್ಕೆ ಎಳೆದು ಸರಣಿಯನ್ನೇ ಗೆದ್ದರು. ತಮಾಷೆ ನೋಡು, ಅದೇ ಮಾರ್ಚಾಂಡ್ 2025ರ ಮಾರ್ಚ್‌ನಲ್ಲಿ ಫ್ಲೋರಿಡಾಕ್ಕೆ ಬಂದು ಇವನ ಜೊತೆಗೇ ಕಪ್ ಎತ್ತಿದ.

ಮುಂದಿನ ಸರಣಿ ನಮ್ಮ ಟೊರೊಂಟೊ ಮೇಲೆ, ಐದೇ ಪಂದ್ಯಕ್ಕೆ ನಮ್ಮನ್ನು ಮನೆಗೆ ಕಳಿಸಿದರು. ಅದರ ಬಗ್ಗೆ ನಾನು ಮಾತಾಡಲ್ಲ. ಅದರ ಮುಂದಿನದು ಕ್ಯಾರೊಲಿನಾ. ಮೊದಲ ಪಂದ್ಯ ನಾಲ್ಕನೇ ಓವರ್‌ಟೈಮಿನ ಕೊನೆಯ ಹದಿಮೂರು ಸೆಕೆಂಡಿನ ತನಕ ಹೋಯಿತು, ಒಂದೇ ರಾತ್ರಿಯಲ್ಲಿ 63 ಹೊಡೆತ ತಡೆದ. ನಾನು ಸೋಫಾದಲ್ಲೇ ಮಲಗಿಬಿಟ್ಟಿದ್ದೆ. ಎದ್ದು ನೋಡಿದರೆ ಇನ್ನೂ ಆಡುತ್ತಿದ್ದಾರೆ!

ಆ ವರ್ಷ ಫೈನಲ್‌ನಲ್ಲಿ ವೇಗಸ್ ಕೈಯಲ್ಲಿ ಸೋತರು, ಇವನೂ ಚೆನ್ನಾಗಿ ಹೊಡೆಸಿಕೊಂಡ. ಅದನ್ನು ಮುಚ್ಚಿಡಲ್ಲ.

2024ರಲ್ಲಿ ಟ್ಯಾಂಪಾ ಮೇಲೆ ಒಂದು ತಡೆದನಲ್ಲ, ಅದನ್ನು ಯೂಟ್ಯೂಬಲ್ಲಿ ಹುಡುಕಿ ಅತ್ತೆಗೆ ತೋರಿಸಿ. ಪಕ್ ಈ ಕಡೆಯಿಂದ ಆ ಕಡೆಗೆ ಹೋಯಿತು, ಇವನು ತಪ್ಪು ಬದಿಯಲ್ಲಿ ಸಿಕ್ಕಿಕೊಂಡ. ಟ್ಯಾಂಪಾದ ಡುಂಬಾ ಮುಂದೆ ಗೋಲು ಖಾಲಿ. ತಿರುಗಿ ನಿಲ್ಲೋಕೆ ಹೊತ್ತಿಲ್ಲ. ಬೆನ್ನು ಹಾಕಿಕೊಂಡೇ ಹಿಂದಕ್ಕೆ ಹಾರಿ ಕೈ ಬೀಸಿದ, ಪಕ್ ಬಂದು ಕೈಗೇ ಬಡಿಯಿತು. ನೋಡಿ ಮಾಡಿದ್ದಲ್ಲ ಅದು. ನಾನು ನಾಲ್ಕು ವರ್ಷ ಪ್ಯಾಡ್ ಕಟ್ಟಿದವನು, ಹಾಗೆ ಹಾರೋಕೆ ಹೋಗಿದ್ದರೆ ನನ್ನ ಸೊಂಟ ಇವತ್ತಿಗೂ ಮಡಿಕೇರಿಯಲ್ಲೇ ಇರುತ್ತಿತ್ತು.

ಈಗ ನಿನ್ನ ಮುಖ್ಯ ಮಾತಿಗೆ ಬರುತ್ತೇನೆ ಪುಟ್ಟ. ಯಾರು ನಿಂತಿದ್ದರೂ ಗೆಲ್ಲುತ್ತಿದ್ದರು ಅಂದೆಯಲ್ಲ. ನಿಮ್ಮ ಎಡ್ಮಂಟನ್‌ನವರನ್ನೇ ತಗೋ. ಆಗ ನಿಮ್ಮ ಗೋಲಿಯಾಗಿದ್ದ ಸ್ಕಿನ್ನರ್‌ಗೆ ಲೆಕ್ಕದಲ್ಲಿ 2.6 ಮಿಲಿಯನ್. ಅಗ್ಗ. ಉಳಿದ ದುಡ್ಡಿನಲ್ಲಿ ಮೆಕ್‌ಡೇವಿಡ್, ಡ್ರೈಸೈಟ್ಲ್ ಅನ್ನೋ ಇಬ್ಬರು ಸ್ಟಾರ್‌ಗಳನ್ನೂ ಇಟ್ಟುಕೊಳ್ಳಬಹುದು, ಬುದ್ಧಿವಂತಿಕೆ ಅಂತಲೇ ಎಲ್ಲರೂ ಅಂದರು. 2025ರ ಜೂನ್‌ನಲ್ಲಿ ಫ್ಲೋರಿಡಾ ಮೇಲಿನ ಫೈನಲ್‌ನಲ್ಲಿ ಏನಾಯಿತು? ಮೂರನೇ ಪಂದ್ಯದಲ್ಲಿ ಅವನನ್ನು ನಡುವೆಯೇ ತೆಗೆದರು. ನಾಲ್ಕನೆಯದರಲ್ಲೂ ತೆಗೆದು ಇನ್ನೊಬ್ಬ ಗೋಲಿ ಪಿಕಾರ್ಡ್‌ನನ್ನು ಇಳಿಸಿದರು, ಆ ದಿನ ಗೆದ್ದರು ಕೂಡ. ಐದನೆಯದಕ್ಕೆ ಪಿಕಾರ್ಡ್‌ನನ್ನೇ ಮೊದಲಿಂದ ನಿಲ್ಲಿಸಿದರು, ಸೋತರು. ಆರನೆಯದಕ್ಕೆ ಮತ್ತೆ ಸ್ಕಿನ್ನರ್, 5–1, ಕಪ್ ಹೋಯಿತು. ಸ್ಕಿನ್ನರ್ ಕೆಟ್ಟ ಗೋಲಿ ಅಂತ ನಾನು ಹೇಳುತ್ತಿಲ್ಲ. ಆದರೆ ಒಂದು ಬಿಟ್ಟ ಕೂಡಲೇ ಬೆಂಚಿನ ಕಡೆ ನೋಡಬೇಕಾದ ಪರಿಸ್ಥಿತಿ ಅವನದ್ದು.

ಅದು ಹೇಗಿರುತ್ತೆ ಅಂತ ನನಗೆ ಗೊತ್ತು. ಒಂದು ಸಲ ವಿರಾಜಪೇಟೆಗೆ ಆಡೋಕೆ ಹೋಗಿದ್ದೆವು. ಮಳೆ ನಿಂತು ಅರ್ಧ ಗಂಟೆ ಆಗಿತ್ತು, ನೆಲ ಕೆಸರು, ಹಳೇ ಕ್ಯಾನ್ವಾಸ್ ಪ್ಯಾಡಿನ ಒಳಗಿನ ಹತ್ತಿ ನೀರು ಕುಡಿದು ಒಂದೊಂದು ಕಾಲು ಒಂದೊಂದು ಚೀಲ ಅಕ್ಕಿ ಆಗಿತ್ತು. ಚೆಂಡು ಕಾಲ ಸಂದಿಯಲ್ಲಿ ಹೋಯಿತು. ಒಂದೇ ಒಂದು ಗೋಲು. ಇಂಟರ್ವಲ್‌ನಲ್ಲಿ ಮೇಷ್ಟ್ರು ನನ್ನ ಮುಖವನ್ನೂ ನೋಡದೆ ಇನ್ನೊಬ್ಬನಿಗೆ ಪ್ಯಾಡ್ ಕಟ್ಟು ಅಂದರು. ಅವನು ಆ ಒದ್ದೆ ಪ್ಯಾಡನ್ನೇ ಕಟ್ಟಿಕೊಂಡು ಹೋಗಿ ಎರಡು ಬಿಟ್ಟ. ಮುಂದಿನ ಪಂದ್ಯಕ್ಕೆ ಮತ್ತೆ ನಾನು. ಆ ವರ್ಷ ಇಡೀ ನಾವಿಬ್ಬರೂ ಚೆಂಡು ನೋಡಿದ್ದಕ್ಕಿಂತ ಮೇಷ್ಟ್ರ ಮುಖ ನೋಡಿದ್ದೇ ಜಾಸ್ತಿ.

ಬೊಬ್ರೊವ್‌ಸ್ಕಿಗೆ ಆ ಭಯ ಇರಲಿಲ್ಲ. ಇದೇ ನಾನು ಹೇಳೋಕೆ ಹೊರಟಿದ್ದು. ತಂಡದವರಿಗೆ ಅವನ ಮೇಲೆ ಅಪಾರ ನಂಬಿಕೆ ಇತ್ತು ಅಂತೆಲ್ಲ ಈಗ ಹೇಳುತ್ತಾರೆ, ಸುಮ್ನೆ. 2023ರಲ್ಲಿ ಯಾರಾದರೂ ಬಂದು ಪುಕ್ಕಟೆ ಕೊಡಿ ಅಂದಿದ್ದರೂ ಇವರು ಬಸ್ ಚಾರ್ಜ್ ಸೇರಿಸಿ ಕಳಿಸುತ್ತಿದ್ದರು ಅಂತ ನನ್ನ ಗುಮಾನಿ. ಕರಾರು ಬಿಡಲಿಲ್ಲ, ಸಂಬಳ ನೋಡಿ ಮುಟ್ಟೋಕೆ ಯಾರೂ ಬರುತ್ತಿರಲಿಲ್ಲ. ಕಳಿಸೋಕೆ ಆಗದ್ದಕ್ಕೇ ಉಳಿದ, ಉಳಿದದ್ದಕ್ಕೇ ಒದಗಿದ. ಇನ್ನೂ ಚಿಕ್ಕ ವಯಸ್ಸಿನ ಸ್ಪೆನ್ಸರ್ ನೈಟ್ ಇದ್ದನಲ್ಲ, ಮುಂದೆ ಇವನ ಜಾಗಕ್ಕೆ ಅಂತ ಬೆಳೆಸುತ್ತಿದ್ದವನು, ಕೊನೆಗೆ ಅವನನ್ನೇ 2025ರ ಮಾರ್ಚ್‌ನಲ್ಲಿ ಶಿಕಾಗೋಗೆ ಕೊಟ್ಟು ಡಿಫೆಂಡರ್ ಸೆತ್ ಜೋನ್ಸ್‌ನನ್ನು ತಂದರು.

ಅವನ ಆಟದ ರೀತಿಯೇ ಹಾಗೆ, ಸರಾಸರಿಯಲ್ಲಿ ಕಾಣಲ್ಲ. 2024ರ ಫೈನಲ್ ನಿನಗೆ ನೆನಪಿರಬೇಕು, ನಿಮ್ಮವರ ಮೇಲೇ ತಾನೆ. 3–0 ಮುಂದಿದ್ದವರು ಸತತ ಮೂರು ಸೋತರು. ಆ ಮೂರರಲ್ಲಿ ನೀವು 18 ಗೋಲ್ ಹೊಡೆದಿರಿ, ಗೋಲಿ ಇಲ್ಲದ ಖಾಲಿ ಬಲೆಗೆ ಹೊಡೆದದ್ದೂ ಸೇರಿ. ಒಂದರಲ್ಲಿ ಐದು ಬಿಟ್ಟ ಮೇಲೆ ಅವನನ್ನು ತೆಗೆದೂ ಇದ್ದರು. ಆದರೂ ಮುಂದಿನ ಪಂದ್ಯಕ್ಕೆ ಯಾರು ನಿಲ್ಲುತ್ತಾರೆ ಅನ್ನುವ ಪ್ರಶ್ನೆಯೇ ಇರಲಿಲ್ಲ. ಏಳನೆಯದರಲ್ಲಿ ನಿಮಗೆ ಸಿಕ್ಕಿದ್ದು ಒಂದೇ ಗೋಲು. 2–1, ಕಪ್ ಅವರದ್ದು. 2025ರಲ್ಲಿ ನಮ್ಮ ಮೇಲೂ ಅದೇ. ಮೊದಲ ಮೂರು ಪಂದ್ಯದಲ್ಲಿ ಟೊರೊಂಟೊ 13 ಗೋಲ್ ಹೊಡೆಯಿತು. ನಮ್ಮ ಬೀದಿಯಲ್ಲಿ ಕಾರಿಗೆಲ್ಲ ನೀಲಿ ಬಾವುಟ, ನಾನೂ ಒಂದು ಸಿಕ್ಕಿಸಿದ್ದೆ. ಉಳಿದ ನಾಲ್ಕು ಪಂದ್ಯದಲ್ಲಿ? ಸೊನ್ನೆ, ಒಂದು, ಎರಡು, ಒಂದು. ಒಟ್ಟು ನಾಲ್ಕು. ಏಳನೇ ಪಂದ್ಯ ನಮ್ಮ ಊರಲ್ಲೇ 6–1ರಲ್ಲಿ ಸೋತೆವು. ಬಾವುಟ ತೆಗೆಯೋಕೆ ನಾಚಿಕೆಯಾಗಿ ರಾತ್ರಿ ಎಲ್ಲರೂ ಮಲಗಿದ ಮೇಲೆ ತೆಗೆದೆ. ನನ್ನವಳು ಕಿಟಕಿಯಿಂದ ನೋಡುತ್ತಿದ್ದಳಂತೆ, ಬೆಳಿಗ್ಗೆ ಹೇಳಿದಳು.

ಹಾಗಂತ ಅವನೊಬ್ಬನೇ ಗೆಲ್ಲಿಸಿದ ಅನ್ನಲ್ಲ. ಇದನ್ನು ನಿನಗೆ ಬಿಟ್ಟುಕೊಡುತ್ತೇನೆ. ಎರಡಾಣೆ ಅವನಿಗೆ ಕೊಟ್ಟೂ ತಂಡ ಬದುಕಿದ್ದು ಉಳಿದ ಕಡೆ ಅಗ್ಗಕ್ಕೆ ಒಳ್ಳೇ ಮಾಲು ಸಿಕ್ಕಿದ್ದಕ್ಕೆ. ಫೋರ್ಸ್ಲಿಂಗ್‌ನನ್ನು ಕ್ಯಾರೊಲಿನಾದವರು ಬೇಡ ಅಂತ ಬಿಟ್ಟಾಗ ಇವರು ಎತ್ತಿಕೊಂಡರು, ಮೊದಲ ಕಪ್ ಗೆದ್ದ ವರ್ಷ ಅವನಿಗೆ ಮೂರು ಮಿಲಿಯನ್ ಕೂಡ ಇಲ್ಲ. ರೈನ್‌ಹಾರ್ಟ್ ಆ ವರ್ಷ 6.5 ಮಿಲಿಯನ್‌ಗೆ 57 ಗೋಲ್ ಹೊಡೆದ. ವರ್ಹೇಗಿಗೆ ನಾಲ್ಕು ಮಿಲಿಯನ್ ಚಿಲ್ಲರೆ. ಜೊತೆಗೆ ಫ್ಲೋರಿಡಾದಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ, ಅದೇ ಸಂಬಳ ಅಲ್ಲಿ ಕೈಗೆ ಜಾಸ್ತಿ ಸಿಗುತ್ತೆ. ಇವೆಲ್ಲ ಇಲ್ಲದ ಕಡೆ ಇದೇ ಕರಾರು ತಂಡವನ್ನೇ ಮುಳುಗಿಸುತ್ತಿತ್ತು. ಮಾಂಟ್ರಿಯಲ್‌ನವರು ತಮ್ಮ ಗೋಲಿ ಕೇರಿ ಪ್ರೈಸ್‌ಗೆ ವರ್ಷಕ್ಕೆ 10.5 ಮಿಲಿಯನ್‌ನಂತೆ ಎಂಟು ವರ್ಷ ಬರೆದುಕೊಟ್ಟರು. 2021ರಲ್ಲಿ ಅವನು ಫೈನಲ್ ತನಕ ಹೊತ್ತುಕೊಂಡು ಹೋದ, ಮಂಡಿ ಹೋಯಿತು, 2022ರ ಏಪ್ರಿಲ್ ನಂತರ ಐಸಿಗೆ ಇಳಿದೇ ಇಲ್ಲ. ಲೆಕ್ಕದ ಪುಸ್ತಕದಲ್ಲಿ ಮಾತ್ರ ಆಮೇಲೂ ಉಳಿದ.

ಅದಕ್ಕೇ ನನ್ನ ಉತ್ತರ ಹೀಗೆ. ಸಹಿ ಹಾಕಿದ ದಿನ ಅದು ತಪ್ಪು ಕರಾರು. ಎರಡು ಕಪ್ ಬಂದ ಮೇಲೆ ವಸೂಲಾಯಿತು. ಎರಡೂ ಒಟ್ಟಿಗೆ ನಿಜ ಆಗಬಾರದು ಅಂತ ಏನಿದೆ?

ಕರಾರು ಮುಗಿಯೋದು 2026ಕ್ಕೆ, 2025ರ ಸೆಪ್ಟೆಂಬರಿಗೇ ಅವನಿಗೆ 37. ಆಮೇಲೆ ಮತ್ತೆ 10 ಕೊಡಿ ಅಂದರೆ ನಾನಂತೂ ಕೊಡಲ್ಲ, 5ಕ್ಕೆ ಒಂದು ವರ್ಷ, ತೀರಾ ಹಟ ಮಾಡಿದರೆ ಎರಡು. ಪುಟ್ಟ, ನೀನು "ಯಾವ ಗೋಲಿ ನಿಂತಿದ್ದರೂ" ಅಂತ ಜಾರಿಕೊಳ್ಳಬೇಡ. 2019ರಲ್ಲಿ ಯಾರನ್ನು ತರುತ್ತಿದ್ದೆ, ಎಷ್ಟಕ್ಕೆ ತರುತ್ತಿದ್ದೆ, ಒಂದು ಹೆಸರು ಹೇಳು. ಭಾವಾ, ಅವನು ಹೇಳೋ ತನಕ ಗ್ರೂಪಿಗೆ ಬೇರೆ ಏನೂ ಹಾಕಬೇಡಿ, ಗುಡ್ ಮಾರ್ನಿಂಗ್ ಕೂಡ. ಮಗಳು ಬಂದಳು, ಇಡುತ್ತೇನೆ.