ಅಪ್‌ಡೇಟ್: ಮಡಿಕೇರಿಯಲ್ಲಿ ನಮ್ಮ ಬ್ಯಾಚ್ ಸೇರಿತು

1979ರಲ್ಲಿ ಬಿಎಸ್ಸಿ ಮುಗಿಸಿದ ನಮ್ಮ ಕ್ಲಾಸಿನವರನ್ನು ಮಡಿಕೇರಿಯಲ್ಲಿ ಯಾವಾಗ ಸೇರಿಸಲಿ ಅಂತ ಕೇಳಿದ್ದೆನಲ್ಲ. ಜನವರಿ ಬೇಡ, ರೋಬಸ್ಟಾ ಕಾಫಿ ಕೊಯ್ಲಿದ್ದರೆ ತೋಟದವರು ಯಾರೂ ಬರಲ್ಲ ಅಂದಿರಿ. ಸರಿಯಾಗೇ ಹೇಳಿದಿರಿ. ಅಕ್ಟೋಬರ್‌ನಲ್ಲಿ, ತಲಕಾವೇರಿ ತೀರ್ಥೋದ್ಭವ ಮುಗಿದ ಮೇಲಿನ ಭಾನುವಾರ ಇಟ್ಟೆವು.

42 ಜನರಲ್ಲಿ ಬಂದವರು 17. ಒಂಬತ್ತು ಜನ ಈಗಿಲ್ಲ. ರಾಜಾಸೀಟ್ ವ್ಯೂಪಾಯಿಂಟ್‌ನಲ್ಲಿ ತೆಗೆದ ಫೋಟೊದಲ್ಲಿ ಬರೀ ಮಂಜು, ನಡುವೆ ಕೆಲವು ಸ್ವೆಟರ್. ಊಟಕ್ಕೆ ಕಡಂಬುಟ್ಟು (ಅಕ್ಕಿ ಉಂಡೆ), ಪಂದಿಕರಿ (ಹಂದಿಮಾಂಸದ ಸಾರು). ಅರ್ಧ ಜನಕ್ಕೆ ಬಿಪಿ, ಆದರೂ ಯಾರೂ ಬಿಡಲಿಲ್ಲ ಬಿಡಿ.

ನಮ್ಮ ಹಾಕಿ ಟೀಮಿನ ಸೆಂಟರ್ ಫಾರ್ವರ್ಡ್‌ಗೆ ಎರಡೂ ಮಂಡಿ ಆಪರೇಷನ್ ಆಗಿದೆ. ಊರುಗೋಲನ್ನೇ ಸ್ಟಿಕ್ ಮಾಡಿಕೊಂಡು ಕುರ್ಚಿಗಳ ನಡುವೆ ಒಂದು ಕಿತ್ತಳೆ ಹಣ್ಣನ್ನು ತಳ್ಳಿಕೊಂಡು ಹೋದ. ಗೋಲ್ ಕೂಡ ಹೊಡೆದ!

ಕ್ಲಾಸಿಗೆ ಫಸ್ಟ್ ಬರುತ್ತಿದ್ದವಳಿಗೆ ಈಗ ಮರೆವಿನ ಕಾಯಿಲೆ. ಗಂಡ ಪಕ್ಕದಲ್ಲೇ ಕೂತು ಒಬ್ಬೊಬ್ಬರ ಹೆಸರು ಹೇಳುತ್ತಿದ್ದರು. ಅವಳು ಸುಮ್ನೆ ನಗುತ್ತಿದ್ದಳು. ನನ್ನ ಸರದಿ ಬಂದಾಗ ಮಾತ್ರ ಮುಖ ದಿಟ್ಟಿಸಿ, "ನನ್ನ ಬಾಟನಿ ರೆಕಾರ್ಡ್ ಎಲ್ಲಿ?" ಅಂದಳು.

ಆ ಪ್ರಾಕ್ಟಿಕಲ್ ಪುಸ್ತಕ ನನ್ನ ಹತ್ತಿರವೇ ಉಳಿದಿತ್ತು, ನಿಜ. ಈಗ ಅಟ್ಟ ಹುಡುಕುತ್ತಿದ್ದೇನೆ.